ಟಿಕ್ ಟಿಕ್ ಅನ್ನದ ಇಂಡಿಕೇಟರ್

ನನ್ನ ಕಾರಿಗೆ ವಯಸ್ಸಾಯಿತು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಅದು ನನ್ನ ಮಗಳಿಗಿಂತ ಎರಡೇ ವರ್ಷ ದೊಡ್ಡದು. ಮಗಳನ್ನು ಯಾರೂ ಮುದುಕಿ ಅನ್ನುವುದಿಲ್ಲವಲ್ಲ! ಚಿಕ್ಕೋಡಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರನಾಗಿದ್ದಾಗ ಕೊಂಡ ಕಾರು ಅದು. ನಾನು ರಿಟೈರ್ ಆದರೂ ಅದು ಆಗಿಲ್ಲ. ಕೆನೆ ಬಣ್ಣ, ದಪ್ಪ ಸ್ಟೀಯರಿಂಗು, ಬಾಗಿಲು ಹಾಕಿದರೆ ಧಡ್ ಎಂದು ಮನೆಯ ಬಾಗಿಲಿನ ಹಾಗೆ ಹಾಕಿಕೊಳ್ಳುತ್ತದೆ.

ಮಗಳನ್ನು ಅಥಣಿಗೆ ಕೊಟ್ಟಿದ್ದೇವೆ. ಹೋದ ವರ್ಷ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಮೊಮ್ಮಗಳಿಗೆ ಐದು ತಿಂಗಳು ತುಂಬಿದ ಮೇಲೆ ತಾಯಿ ಮಗು ಇಬ್ಬರನ್ನೂ ಗಂಡನ ಮನೆಗೆ ಕಳಿಸುವ ದಿನವನ್ನು ಬೀಗರೊಂದಿಗೆ ಮಾತಾಡಿ ಗೊತ್ತುಮಾಡಿದೆವು. ಗುರುವಾರ. ಅಳಿಯ ತನ್ನ ಹೊಸ ಕಾರು ತರುತ್ತೇನೆ ಅಂದ. ಬೇಡ ಅಂದೆ. ಮೊಮ್ಮಗಳು ಮೊದಲ ಸಲ ತನ್ನ ಮನೆಗೆ ಹೋಗುವುದು ಅಜ್ಜನ ಕಾರಿನಲ್ಲಿ, ಅಜ್ಜನೇ ನಡೆಸಿಕೊಂಡು. ಅದರಲ್ಲಿ ಎರಡು ಮಾತಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಅಷ್ಟರಲ್ಲಿ ಇಂಡಿಕೇಟರ್ ಕೈಕೊಟ್ಟವು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಆದರೆ ನಾಲ್ಕೂ ದೀಪ ಒಟ್ಟಿಗೆ ಮಿಣುಕುವ ಹಜಾರ್ಡ್ ಬಟನ್ ಎಳೆದರೆ ಎಲ್ಲ ಮಿಣುಕುತ್ತಿದ್ದವು. ವಿಜ್ಞಾನದ ಮಾಸ್ತರನಿಗೆ ಇದಕ್ಕಿಂತ ರುಚಿಯಾದ ಲೆಕ್ಕ ಸಿಕ್ಕೀತೇ? ನಾಲ್ಕೂ ಮಿಣುಕುತ್ತವೆ ಎಂದರೆ ಬಲ್ಬು ಸರಿ, ಬ್ಯಾಟರಿ ಸರಿ. ಈ ಕಾರಿನಲ್ಲಿ ಇಂಡಿಕೇಟರಿನ ಕರೆಂಟು ಹಜಾರ್ಡ್ ಬಟನ್ನಿನೊಳಗಿಂದಲೇ ಹಾದು ಹೋಗುತ್ತದೆ. ಆ ಬಟನ್ನನ್ನು ವರ್ಷಗಟ್ಟಲೆ ಮುಟ್ಟದಿದ್ದರೆ ಒಳಗಿನ ಹಿತ್ತಾಳೆ ಕಪ್ಪಾಗಿ ದಾರಿ ಕಟ್ಟಿಬಿಡುತ್ತದೆ. ಬಿಚ್ಚಿದೆ, ಪಾಲಿಶ್ ಪೇಪರಿನಿಂದ ತಿಕ್ಕಿದೆ, ಮತ್ತೆ ಕೂಡಿಸಿದೆ. ಹಿಂದಿನ ಎಡದೀಪ ಕಾರಿನ ತಗಡಿಗೆ ಕೂಡುವ ಕಡೆ ತುಕ್ಕು ಹಿಡಿದು ಅರ್ಥಿಂಗ್ ಸಿಗದೆ ಮಂಕಾಗಿತ್ತು, ಅದನ್ನೂ ಕೆರೆದು ಬಿಗಿ ಮಾಡಿದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿಯನ್ನು ಹಿಟ್ಟಿನ ಕೈಯಲ್ಲೇ ಹೊರಗೆ ಕರೆದು ಕಾರಿನ ಹಿಂದೆ ನಿಲ್ಲಿಸಿದೆ.

"ಮಿಣಕಾಕತ್ತಾವ್ರಿ. ನಾ ಒಳಗ ಹೋಗ್ಲಿ? ರೊಟ್ಟಿ ಸೀಯಾಕತ್ತಾವು," ಅಂದಳು.

ಹೊಗಳಿಕೆ ಅಷ್ಟಕ್ಕೇ ಮುಗಿಯಿತು. ಆದರೂ ಎದೆ ಉಬ್ಬಿತ್ತು.

ಮುಂದಿನ ರವಿವಾರ ಕೂಸಿನ ತಲೆಗೆ ಕಟ್ಟುವ ಕುಂಚಿಗೆ ಹೊಲಿಸುವ ಬಟ್ಟೆ ತರಲೆಂದು ನಾವಿಬ್ಬರೂ ನಿಪ್ಪಾಣಿಗೆ ಹೋದೆವು. ಬರುವಾಗ ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದನ್ನು ದಾಟಲು ಬಲದ ಇಂಡಿಕೇಟರ್ ಹಾಕಿದೆ. ದಾಟಿದೆ. ನನ್ನ ಕಾರಿನ ಇಂಡಿಕೇಟರ್ ತಾನಾಗಿ ಆರುವುದಿಲ್ಲ, ಅದನ್ನು ಹಿಂದಕ್ಕೆ ತಳ್ಳುವ ಸ್ಟೀಯರಿಂಗಿನೊಳಗಿನ ಹಲ್ಲು ಮುರಿದು ಕಾಲವಾಯಿತು. ಕೈಯಿಂದಲೇ ಹಿಂದಕ್ಕೆ ತರಬೇಕು. ಡ್ಯಾಶ್‌ಬೋರ್ಡಿನ ಹಸಿರು ದೀಪ ಬಿಸಿಲಿನಲ್ಲಿ ಉರಿದರೂ ಒಂದೇ, ಆರಿದರೂ ಒಂದೇ. ಹಾಗಾಗಿ ನಾನು ಯಾವಾಗಲೂ ಟಿಕ್ ಟಿಕ್ ಸದ್ದನ್ನೇ ನಂಬಿದವನು. ಸದ್ದಿರಲಿಲ್ಲ. ಆರಿಸಿದ್ದೇನೆ ಎಂದುಕೊಂಡೆ.

ಎಷ್ಟೋ ದೂರ ಬಂದ ಮೇಲೆ ಕಬ್ಬಿನ ಹಾಲಿನ ಅಂಗಡಿ ಕಂಡು ಗಾಡಿಯನ್ನು ಎಡಕ್ಕೆ ಎಳೆದೆ. ಬೈಕೊಂದು ಗಕ್ಕನೆ ಹೆಂಡತಿಯ ಬಾಗಿಲಿನ ಪಕ್ಕದಲ್ಲೇ ಮಣ್ಣಿಗಿಳಿದು ನಿಂತಿತು. ಗಂಡ, ಹೆಂಡತಿ, ಟ್ಯಾಂಕಿನ ಮೇಲೆ ಒಂದು ಪುಟ್ಟ ಹುಡುಗಿ. ಇಷ್ಟು ಹೊತ್ತೂ ನನ್ನ ಬಲದ ದೀಪ ಮಿಣುಕುತ್ತಲೇ ಇತ್ತಂತೆ. ನಾನು ಬಲಕ್ಕೆ ಹೊರಳುತ್ತೇನೆಂದು ನಂಬಿ ಅವನು ಎಡಗಡೆಯಿಂದ ಬಂದಿದ್ದ.

"ಅಹೋ ಅಜ್ಜಾರ! ಬಲಕ್ಕಂತ ತೋರ್ಸಿ ಎಡಕ್ಕ ಬರ್ತೀರಲ್ರಿ! ಹಾರ್ನ್ ಹೊಡದ ಹೊಡದ ಸಾಕಾತು ನನಗ!"

ಯಾರಿಗೂ ಏನೂ ಆಗಿರಲಿಲ್ಲ. ಆದರೆ ಆ ಹುಡುಗಿ ಅಳುವುದನ್ನು ನಿಲ್ಲಿಸಲಿಲ್ಲ. ನನ್ನ ಹೆಂಡತಿ ಇಳಿದು ಅವಳ ಕಣ್ಣೊರೆಸಿ, ಮೂವರಿಗೂ ಕಬ್ಬಿನ ಹಾಲು ಕುಡಿಸಿ, ಕೈಮುಗಿದು ಕಳಿಸಿದಳು. ಮನೆ ಮುಟ್ಟಿದ ಮೇಲೆ ಒಂದೇ ಮಾತು ಅಂದಳು.

"ಇದು ನೆಟ್ಟಗಾಗೂತನಕಾ ಕೂಸು ಈ ಗಾಡ್ಯಾಗ ಕೂಡಂಗಿಲ್ಲ. ಇಲ್ಲಾಂದ್ರ ಅಳಿಯಗ ಫೋನ್ ಮಾಡ್ತೀನಿ, ಅವನ ಗಾಡಿ ತರ್ತಾನ."

ಗುರುವಾರಕ್ಕೆ ಹನ್ನೊಂದು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರದ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಒಂಬತ್ತನೆಯ ಇಯತ್ತೆಯಲ್ಲಿ ಎರಡು ಸಲ ನನ್ನಿಂದಲೇ ನಾಪಾಸಾದವನು. ಈಗ ತಾಲೂಕಿನ ಅರ್ಧ ಗಾಡಿಗಳ ವೈರುಗಳು ಅವನ ಬೆರಳ ತುದಿಯಲ್ಲಿವೆ. ಆದರೂ ನನ್ನ ಕಂಡರೆ ಈಗಲೂ ಎದ್ದು ನಿಲ್ಲುತ್ತಾನೆ.

"ಫ್ಲಾಷರ್ ಹೋಗೈತಿ, ಟಿಕ್ ಅನ್ನಾಕತ್ತಿಲ್ಲ. ಬದಲಸು," ಅಂದೆ. ಫ್ಲಾಷರ್ ಎಂದರೆ ದೀಪಗಳನ್ನು ಹತ್ತಿಸಿ ಆರಿಸುವ, ಬೆರಳುದ್ದದ ಅಲ್ಯೂಮಿನಿಯಂ ಡಬ್ಬಿ. ಒಳಗಿನ ಪಟ್ಟಿ ಕಾದು ಬಾಗಿ ಕರೆಂಟು ಕಡಿಯುತ್ತದೆ, ಆರಿ ಮತ್ತೆ ಕೂಡಿಸುತ್ತದೆ. ಟಿಕ್ ಟಿಕ್ ಅನ್ನುವುದು ಅದೇ.

ಅವನು ಸ್ವಿಚ್ ಹಾಕಿದ. ದೀಪ ನೋಡಿದ. ನನ್ನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡು ಹೊಸ ಫ್ಲಾಷರ್ ಹಾಕಿಕೊಟ್ಟ. ಊರಿನ ಹೊರಗೆ ಒಂದು ಸುತ್ತು ಹೋಗಿ ಬಂದೆ. ಸದ್ದಿಲ್ಲ. ಮರುದಿನ ಮತ್ತೊಂದು ಹಾಕಿದ. ಅದೂ ಮೂಕ. ಬುಧವಾರ ಮೂರನೆಯದು.

"ದೀಪ ಮಿಣಕತಾವ, ಟಿಕ್ ಅನ್ನೂ ಸದ್ದ ಮಾತ್ರ ಇಲ್ಲ. ಇಷ್ಟೂ ತಿಳಿಯಂಗಿಲ್ಲೇನೋ? ಕಾದ ಪಟ್ಟಿ ಬಾಗತೈತಿ ಅಂತ ಬೋರ್ಡಿನ ಮ್ಯಾಲ ಚಿತ್ರ ತೆಗದು ಕಲಿಸೇನಿ ನಿನಗ!"

"ಹೌದ್ರಿ ಸರ, ಕಲಿಸೀರಿ," ಅಂದ ಪಾಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ವಾರ ನಾನು ನೆಲ, ಗೋಡೆ, ಚಾವಣಿ ಎಲ್ಲವನ್ನೂ ಡೊಂಕು ಅಂದೆ.

ಶುಕ್ರವಾರ ನಾಲ್ಕನೆಯ ಸಲ ಹೋದಾಗ ನನ್ನ ತಾಳ್ಮೆ ಕೆಟ್ಟಿತ್ತು. ಗಿರಾಕಿಗಳೆದುರೇ ಬೈದೆ. ಅವನು ಎಂಜಿನ್ ಬಂದ್ ಮಾಡಿಸಿದ. ಪಕ್ಕದ ಪಂಕ್ಚರ್ ಅಂಗಡಿಯವನಿಗೆ ಹೇಳಿ ಕಂಪ್ರೆಸರನ್ನೂ ನಿಲ್ಲಿಸಿದ. ಇಂಡಿಕೇಟರ್ ಹಾಕಿ, ಕೈ ಒರೆಸಿಕೊಂಡು, ನನ್ನ ಬೆರಳು ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಆ ಡಬ್ಬಿಯ ಮೇಲೆ ಇಟ್ಟ. ಗೋಡೆಯ ಆಚೆಯಿಂದ ಯಾರೋ ಮೆಲ್ಲಗೆ ಬಡಿಯುತ್ತಿದ್ದಂತೆ ಬೆರಳಿಗೆ ತಾಗಿತು. ಒಂದು, ಎರಡು, ಒಂದು, ಎರಡು.

"ಹತ್ತಾಕತ್ತೈತೇನ್ರಿ ಸರ ಕೈಗೆ?"

"ಹತ್ತಾಕತ್ತೈತಿ."

"ಕೇಳಸಾಕತ್ತೈತೇನ್ರಿ?"

ಕೇಳಿಸುತ್ತಿರಲಿಲ್ಲ. ಬೆರಳಿಗೆ ತಿಳಿಯುತ್ತಿತ್ತು, ಕಿವಿಗೆ ಏನೂ ಇಲ್ಲ. ನಾನು ಸುತ್ತಲೂ ನೋಡಿದೆ. ಪಂಕ್ಚರ್ ಅಂಗಡಿಯವನು, ಇಬ್ಬರು ಗಿರಾಕಿಗಳು ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡುತ್ತಿದ್ದರು. ಅವರಿಗೆಲ್ಲ ಕೇಳಿಸುತ್ತಿತ್ತು.

"ಮೊದಲನೇ ದಿನಾನ ಗೊತ್ತಾಗಿತ್ರಿ ಸರ," ಅಂದ ಅವನು, ದನಿ ಎತ್ತರಿಸಿ, ಆದರೆ ಮುಖ ಸಣ್ಣದು ಮಾಡಿಕೊಂಡು. "ಮಾಸ್ತರಿಗೆ ನಿಮ್ಮ ಕಿವಿ ಹೋಗೈತಂತ ನಾ ಹೆಂಗ ಹೇಳ್ಲಿ? ಅದಕ್ಕ ಫ್ಲಾಷರ್ ಬದಲಿಸಿದ್ನಿ. ಅವು ಮೂರೂ ಚಲೋನ ಅದಾವ್ರಿ."

ಆ ಕ್ಷಣ ನನಗಾದ ನಾಚಿಕೆ ಇಷ್ಟೆಂದು ಹೇಳಲಾರೆ. ಯಂತ್ರದ ತಪ್ಪನ್ನು ಒಂದೊಂದೇ ತಂತಿ ಹಿಡಿದು ಹುಡುಕಿದವನಿಗೆ ಸ್ಟೀಯರಿಂಗಿನ ಮುಂದೆ ಕೂತ ತನ್ನ ಕಿವಿಯನ್ನೂ ಪರೀಕ್ಷೆ ಮಾಡಬೇಕೆಂದು ಹೊಳೆದೇ ಇರಲಿಲ್ಲ. ನಾಪಾಸಾದವನು ನಾನು.

ಅವನೇ ಒಂದು ಉಪಾಯ ಹೇಳಿದ. "ಬಜರ್ ಹಚ್ಚಿ ಕೊಡ್ಲೇನ್ರಿ? ಲಾರಿ ರಿವರ್ಸ್ ಬರುವಾಗ ಒದರತೈತಲ್ರಿ, ಅಂಥಾದ್ದು. ಮನ್ಯಾಗ ಯಾರಿಗೂ ಹೇಳೂದ ಬ್ಯಾಡ."

ಹೂಂ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಬಜರ್ ಒದರುತ್ತದೆ, ಹೆಂಡತಿ ಒಪ್ಪುತ್ತಾಳೆ, ಗುರುವಾರ ಮೊಮ್ಮಗಳು ನನ್ನ ಕಾರಿನಲ್ಲೇ ಹೋಗುತ್ತಾಳೆ. ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಆದರೆ ಆ ಬೈಕಿನವನು ಹಿಂದೆ ಎಷ್ಟು ಹಾರ್ನ್ ಹೊಡೆದಿದ್ದ! ಅದೂ ನನಗೆ ಕೇಳಿಸಿರಲಿಲ್ಲವಲ್ಲ. ಇಂಡಿಕೇಟರಿಗೆ ಬಜರ್ ಹಾಕಬಹುದು, ಊರಿನ ಎಲ್ಲ ಗಾಡಿಗಳಿಗೂ ನನಗಾಗಿ ಬಜರ್ ಹಾಕಿಸಲಾದೀತೇ?

"ಬ್ಯಾಡ ತಮ್ಮಾ," ಅಂದೆ. ಕೀಲಿಕೈಯನ್ನು ಅವನ ಕೈಗೇ ಕೊಟ್ಟು ನಡೆದುಕೊಂಡು ಮನೆಗೆ ಬಂದೆ.

ಹೆಂಡತಿ ಅಂಗಳದಲ್ಲಿ ಕೂಸಿನ ಬಟ್ಟೆ ಒಣಹಾಕುತ್ತಿದ್ದಳು. ನೆಟ್ಟಗೆ ಹೇಳಿಬಿಟ್ಟೆ. "ಗಾಡಿದು ಏನೂ ತಪ್ಪಿಲ್ಲ. ನನಗ ಕಿವಿ ಕೇಳಸಂಗಿಲ್ಲ."

"ಗೊತ್ತೈತ್ರಿ. ಎರಡು ವರ್ಷ ಆತು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ನೆಲ್ರಿ. ನಿಮಗ ಕೇಳಸಲಿಲ್ಲ."

ಅವಳು ನಕ್ಕಳು. ನನಗೂ ತಡೆಯಲಾಗಲಿಲ್ಲ. ಒಣಹಾಕಿದ ಬಟ್ಟೆಗಳ ನಡುವೆ ನಿಂತು ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ಶನಿವಾರ ಇಬ್ಬರೂ ಬಸ್ಸಿನಲ್ಲಿ ಮಿರಜಿಗೆ ಹೋದೆವು. ಕಿವಿ ತಪಾಸಣೆ ಮಾಡಿದ ಹುಡುಗಿ ನನ್ನನ್ನು ಗಾಜಿನ ಕೋಣೆಯಲ್ಲಿ ಕೂಡಿಸಿ, ಸದ್ದು ಕೇಳಿದಾಗ ಬಟನ್ ಒತ್ತಲು ಹೇಳಿದಳು. ಬಹಳ ಹೊತ್ತು ಕೂತಿದ್ದೆ, ಪರೀಕ್ಷೆ ಇನ್ನೂ ಶುರುವಾಗಿಲ್ಲವೆಂದು ತಿಳಿದಿದ್ದೆ. ಆಮೇಲೆ ನೋಡಿದರೆ ಅದು ಅರ್ಧ ಮುಗಿದಿತ್ತು. ಬುಧವಾರ ಮತ್ತೆ ಹೋದಾಗ ಎರಡೂ ಕಿವಿಗೆ ಮಷೀನು ಕೂಡಿಸಿ ಕಳಿಸಿದರು. ಬಸ್ಸಿನ ಚಾವಣಿಯ ಮೇಲಿನ ಡಬ್ಬಿಗಳು ಕುಣಿಯುವುದು, ಮುಂದಿನ ಸೀಟಿನವಳು ಶೇಂಗಾ ಸುಲಿಯುವುದು, ನನ್ನ ಹೆಂಡತಿಯ ಬಳೆ, ಎಲ್ಲ ಒಮ್ಮೆಲೇ ಮೈಮೇಲೆ ಬಿದ್ದವು. ಊರಿಗೆ ಬಂದವನೇ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಕಾರು ಹತ್ತಿ ಇಂಡಿಕೇಟರ್ ಹಾಕಿದೆ. ಟಿಕ್ ಟಿಕ್ ಟಿಕ್ ಟಿಕ್. ಇಷ್ಟು ಜೋರಾಗಿ ಒದರುವ ಫ್ಲಾಷರನ್ನು ಯಾಕೆ ಹಾಕಿದೆಯೋ ಎಂದು ಕೇಳಿದೆ. ಅವನು ಈ ಸಲ ಬಾಯಿ ತುಂಬ ನಕ್ಕ.

ರಾತ್ರಿ ಊಟಕ್ಕೆ ಮೊದಲು ಹೆಂಡತಿ ತಾನೇ ಪರೀಕ್ಷೆ ತೆಗೆದುಕೊಂಡಳು. ನಾನು ಕಾರಿನಲ್ಲಿ ಕೂತೆ, ಅವಳು ಹಿಂದೆ ದೂರ ನಿಂತು ಕರೆದಳು, ಸೈಕಲ್ಲಿನ ಗಂಟೆ ಬಾರಿಸಿದಳು, ಚಪ್ಪಾಳೆ ತಟ್ಟಿದಳು. ಎಲ್ಲಕ್ಕೂ ಓಗೊಟ್ಟೆ. "ಪಾಸ್," ಅಂದಳು.

ಗುರುವಾರ ಹೊರಟೆವು. ಮೊದಲು ಯಡೂರಿಗೆ ಹೋಗಿ ವೀರಭದ್ರನ ಮುಂದೆ ಕೂಸನ್ನು ಮಲಗಿಸಿ ಎತ್ತಿಕೊಂಡೆವು. ಆಮೇಲೆ ಅಥಣಿಯ ದಾರಿ. ಎರಡೂ ಕಡೆ ಕಬ್ಬು. ಹೆಂಡತಿ ನನ್ನ ಪಕ್ಕದಲ್ಲಿ, ಮಗಳು ಹಿಂದೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು. ಟ್ರ್ಯಾಕ್ಟರ್ ದಾಟಿದಾಗಲೆಲ್ಲ ಸದ್ದು ಕೇಳಿ ಇಂಡಿಕೇಟರ್ ಆರಿಸುತ್ತಿದ್ದೆ. ಕೂಸು ಗಾಢ ನಿದ್ದೆಯಲ್ಲಿತ್ತು.

"ಅಪ್ಪಾ, ನೀ ಇವತ್ತ ಒದರಾಕತ್ತಿಲ್ಲ," ಅಂದಳು ಮಗಳು, ಮೆಲ್ಲಗೆ. ಅಷ್ಟು ಮೆಲ್ಲಗೆ ಅಂದದ್ದೂ ಕೇಳಿಸಿತು.

"ನಾ ಯಾವಾಗ ಒದರತಿದ್ನಿ?"

"ಫೋನಿನ್ಯಾಗ. ನಾ ಏನರ ಹೇಳಾಕ ಸುರು ಮಾಡೂದ ತಡ, 'ಆತು, ಆತು, ನಿಮ್ಮವ್ವಗ ಕೊಡ್ತೀನಿ' ಅಂತ ಜೋರ್ ಮಾಡಿ ಕೊಟ್ಟಬಿಡ್ತಿದ್ದಿ. ಮದವಿ ಮಾಡಿ ಕೊಟ್ಟಮ್ಯಾಲ ಅಪ್ಪಗ ನನ್ನ ಕೂಡ ಮಾತ ಬ್ಯಾಡಾತು ಅಂತ ತಿಳದಿದ್ನಿ. ಫೋನ್ ಇಟ್ಟು ಎಷ್ಟು ಸಲ ಅತ್ತೀನಿ. ಬಾಣಂತನಕ್ಕ ಬಂದಮ್ಯಾಲ ಅವ್ವ ಹೇಳಿದ್ಲು, ಕಿವಿ ಅಂತ."

ಹೆಂಡತಿ ಕಿಟಕಿಯಿಂದ ಹೊರಗೆ ನೋಡುತ್ತ ಕೂತಳು. ಆ ಎರಡು ವರ್ಷ ಮಗಳ ದನಿ ಫೋನಿನಲ್ಲಿ ಗುಯ್ ಅನ್ನುತ್ತಿತ್ತೇ ಹೊರತು ಮಾತಾಗಿ ತಿಳಿಯುತ್ತಿರಲಿಲ್ಲ. ಏನಂದೆ ಎಂದು ಮತ್ತೆ ಮತ್ತೆ ಕೇಳಲು ನಾಚಿಕೆಯಾಗಿ ಅವಸರದಲ್ಲಿ ಫೋನ್ ದಾಟಿಸುತ್ತಿದ್ದೆ. ಅದು ಅವಳಿಗೆ ಹೇಗೆ ಮುಟ್ಟುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ಕೇಳಸ್ತಿದ್ದಿಲ್ಲವ್ವಾ," ಅಂದೆ. "ಏನೇನು ಹೇಳಬೇಕಂತಿದ್ದಿ, ಈಗ ಹೇಳು."

"ಎರಡು ವರ್ಷದ್ದು! ಎಲ್ಲಿಂದ ಸುರು ಮಾಡ್ಲಿ?"

"ಮೊದಲಿಂದ."

ಅವಳು ಅತ್ತೆಯ ಮನೆಯ ಮೊದಲ ದಿನದ ಅಡುಗೆಯಿಂದ ಶುರು ಮಾಡಿದಳು. ಅಥಣಿ ಇನ್ನು ಅರ್ಧ ತಾಸಿನ ದಾರಿ ಇತ್ತು. ನಾನು ಗಾಡಿಯನ್ನು ಎಡಕ್ಕೆ ತೆಗೆದುಕೊಂಡು, ಹಿಂದಿನವರೆಲ್ಲ ಮುಂದೆ ಹೋಗಲೆಂದು ಬಿಟ್ಟು, ಆ ದಾರಿಯನ್ನು ಒಂದು ತಾಸಿನದು ಮಾಡಿದೆ.