ಬಿಸಿನೀರಿಗೆ ಇಳಿಯುವ ಮೊದಲು ಎಣ್ಣೆ

ನಮ್ಮ ಯಜಮಾನರು ಸೈನ್ಯದಲ್ಲಿ ನೀರಿನಲ್ಲಿ ಮುಳುಗುವ ಕೆಲಸ ಮಾಡುತ್ತಾರೆ ಎಂದರೆ ಊರ ಕಡೆಯವರು ನಗುತ್ತಿದ್ದರು. ನಾಗಪುರಕ್ಕೆ ಸಮುದ್ರ ಯಾವಾಗ ಬಂತು ಎಂದು ಕೇಳುತ್ತಿದ್ದರು. ಸಮುದ್ರವಿಲ್ಲದಿದ್ದರೇನು, ನದಿಗಳಿವೆ, ಸೇತುವೆಗಳಿವೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಗಾಜಿನ ಮಾಸ್ಕ್ ಕಟ್ಟಿಕೊಂಡು ಇವರು ಸೇತುವೆಯ ಕಂಬಗಳ ಬುಡ ನೋಡಿ ಬರುತ್ತಿದ್ದರು. ಎಂಬತ್ತರ ದಶಕ; ನಾವು ಆಗ ನಾಗಪುರದ ಪಕ್ಕದ ಕಾಮಠಿಯ ಕ್ವಾರ್ಟರ್ಸ್‌ನಲ್ಲಿದ್ದೆವು.

ನಮ್ಮ ಅತ್ತೆಗೆ ಎಲ್ಲ ಕಾಯಿಲೆಗೂ ಒಂದೇ ಮದ್ದು: ಮೈಗೆ ಔಡಲೆಣ್ಣೆ ತಿಕ್ಕಿ ಬಿಸಿನೀರು ಹುಯ್ಯುವುದು. ನಾಗಪುರದ ಚಳಿಗಾಲದಲ್ಲಿ ಅವರ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಅರ್ಧ ದಿನದ ದಾರಿಯಲ್ಲಿ, ಗುಡ್ಡದ ಬುಡದ ಗುಡಿಯ ಮುಂದೆ ಬಿಸಿನೀರಿನ ಕುಂಡವಿದೆ ಎಂದು ಯಾರೋ ಹೇಳಿದ್ದೇ ತಡ, ಪ್ರತಿ ವರ್ಷ ಅಲ್ಲಿಗೆ ಹೊರಡಲೇಬೇಕಾಯಿತು. ಒಂದು ವರ್ಷ ಹೋದಾಗ ಮಾತ್ರ ನೀರು ಉಗುರುಬೆಚ್ಚಗಿತ್ತು. ಮಿಂದವರು ಉಟ್ಟ ಬಟ್ಟೆಯನ್ನು ಕುಂಡದಲ್ಲೇ ಬಿಟ್ಟು ಹೋಗುವುದು ಅಲ್ಲಿನ ಪದ್ಧತಿ. ಅವೆಲ್ಲ ತಳಕ್ಕೆ ಇಳಿದು ಬುಗ್ಗೆಯ ಬಾಯಿ ಮುಚ್ಚಿವೆ ಎಂದು ಪೂಜಾರಿ ಹಣೆ ಚಚ್ಚಿಕೊಂಡರು. ಅತ್ತೆ ಮಗನ ಮುಖ ನೋಡಿದರು. ಇನ್ನೇನು, ಮುಂದಿನ ಭಾನುವಾರ ಮೇಲಿನವರ ಒಪ್ಪಿಗೆ ಪಡೆದು, ಸಾಮಾನು ಹೊತ್ತು, ಹಗ್ಗ ಹಿಡಿಯಲು ಜೊತೆಯ ಮರಾಠಿ ಜವಾನನನ್ನು ಕರೆದುಕೊಂಡು ಮತ್ತೆ ಹೋದೆವು.

ಇವರು ಇಳಿಯಲು ಸಿದ್ಧರಾದಾಗ ಅತ್ತೆ ಎಣ್ಣೆ ಬಾಟಲಿ ತೆಗೆದರು.

"ಅವ್ವಾ, ಇದು ಡ್ಯೂಟಿ ಐತಿ, ಜಳಕ ಅಲ್ಲ."

"ಎಣ್ಣಿ ಹಚ್ಚದ ಬಿಸಿನೀರಿಗೆ ಇಳಿದರ ಉಷ್ಣ ಏರತೈತಿ. ಸುಮ್ಮನ ಕುಂಡ್ರು ತಮ್ಮಾ."

ಸೈನ್ಯದ ಶಿಸ್ತು ಅವ್ವನ ಮುಂದೆ ಎಲ್ಲಿಯ ಲೆಕ್ಕ! ಇವರು ತಲೆ ಒಡ್ಡಿ ಕುಳಿತರು. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು ಮಾಸ್ಕ್ ಕಟ್ಟಿದರು. ಬೆಚ್ಚನೆಯ ನೀರಿಗೆ ರಬ್ಬರ್ ಅಂಗಿ ಬೇಡವೆಂದು ಬರೀ ಚಡ್ಡಿಯ ಮೇಲೆ ಸಿಲಿಂಡರ್ ಹೊತ್ತು, ಕಾಲಿಗೆ ಚಾಕು ಕಟ್ಟಿಕೊಂಡು ಇಳಿದದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಸೊಂಟದ ಹಗ್ಗ ಜವಾನನ ಕೈಯಲ್ಲಿತ್ತು. ಅವನು ಒಮ್ಮೆ ಜಗ್ಗಿದರೆ ಇವರು ಒಮ್ಮೆ ಜಗ್ಗಿ 'ಚೆನ್ನಾಗಿದ್ದೇನೆ' ಎನ್ನಬೇಕು. ಇನ್ನೊಂದು ಹಗ್ಗದಲ್ಲಿ ಹಳೆಯ ಸೀರೆ, ಧೋತರಗಳ ಗಂಟುಗಳು ಮೇಲೆ ಬಂದವು. ಪೂಜಾರಿ ಜೈಕಾರ ಹಾಕಿದರು. ಸ್ವಲ್ಪ ಹೊತ್ತಿಗೆ ಬುಗ್ಗೆಯ ಬಾಯಿ ಬಿಟ್ಟಿರಬೇಕು, ಕುಂಡದ ತುಂಬ ಗುಳ್ಳೆಗಳೇ ಗುಳ್ಳೆಗಳು.

ಅಲ್ಲಿಯವರೆಗೆ ನಾನು ಇವರು ಬಿಡುವ ಉಸಿರಿನ ಗುಳ್ಳೆ ನೋಡಿಕೊಂಡು ಧೈರ್ಯವಾಗಿದ್ದೆ. ಈಗ ಯಾವುದು ಗಂಡನ ಉಸಿರು, ಯಾವುದು ಬುಗ್ಗೆಯದು ಎಂದು ತಿಳಿಯಲಿಲ್ಲ. ಜವಾನ ಹಗ್ಗ ಜಗ್ಗಿದ. ಉತ್ತರವಿಲ್ಲ. ಮತ್ತೆ ಜಗ್ಗಿದ. ಹಗ್ಗ ಎಲ್ಲೋ ಸಿಕ್ಕಿಕೊಂಡಿತ್ತು. ಅತ್ತೆ ಮೆಟ್ಟಿಲ ಮೇಲೆ ಕುಳಿತು, ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಇವರಿಗೆ ಏನಾದರೂ ಆದರೆ ಈ ಮುದುಕಿಯನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಹಗ್ಗ ಸಡಿಲವಾಗಿ ಮೇಲೆ ಬಂತು. ತುದಿಯಲ್ಲಿ ಯಾರೂ ಇರಲಿಲ್ಲ.

ನಾನು ಚೀರಿದೆ. ಜವಾನ ತುದಿಯನ್ನು ಬೆರಳಿನಲ್ಲಿ ಸವರಿ ನೋಡಿದ, ಅವನ ಮುಖ ಅರಳಿತು.

"ದೋರಿ ತುಟ್ಲೀ ನಾಹೀ, ವಹಿನಿ. ಕಾಪ್ಲೀ ಆಹೇ."

ಹರಿದದ್ದಲ್ಲ, ಕತ್ತರಿಸಿದ್ದು. ಕತ್ತರಿಸಲು ಚಾಕು ಹಿಡಿದ ಕೈ ಬೇಕಲ್ಲ! ಅದು ನನ್ನ ತಲೆಗೆ ಹೋಗುವ ಮೊದಲೇ ಆಚೆ ಮೂಲೆಯಲ್ಲಿ ಇವರ ತಲೆ ಎದ್ದಿತು. ಕಣ್ಣು ಕೆಂಡವಾಗಿದ್ದವು, ಮಾಸ್ಕ್ ಕುತ್ತಿಗೆಗೆ ಜಾರಿತ್ತು. ಬಾಯಿಯ ಗಾಳಿಯ ಕೊಳವೆ ತೆಗೆದು ಆಡಿದ ಮೊದಲ ಮಾತು, "ಅವ್ವಾ, ನಿನ್ನ ಎಣ್ಣಿ!"

ನದಿಯ ತಣ್ಣೀರಿನಲ್ಲಿ ಆಗದ್ದು ಅಲ್ಲಿ ಆಗಿತ್ತು. ತಲೆಯ ಎಣ್ಣೆ ಬಿಸಿಗೆ ತೆಳ್ಳಗಾಗಿ ಮುಖಕ್ಕೆ ಇಳಿದು, ಮಾಸ್ಕ್ ನಿಲ್ಲದೆ ಜಾರಿ ನೀರು ನುಗ್ಗಿತ್ತು. ಕಣ್ಣು ಕಾಣದೆ, ಸೊಂಟದ ಹಗ್ಗ ಯಾರದೋ ಸೀರೆಗೆ ಸುತ್ತಿಕೊಂಡು, ಕೊನೆಗೆ ಅದನ್ನು ಕೊಯ್ದು ಗೋಡೆ ತಡವಿಕೊಂಡು ಮೇಲೆ ಬಂದಿದ್ದರು. ನಾನು ಬೈಯಬೇಕೆಂದು ಬಾಯಿ ತೆರೆದರೆ ಅಳು ಬಂತು, ಅಳುತ್ತಲೇ ನಗು ಬಂತು. ಬದುಕಿದೆಯಾ ಬಡಜೀವವೇ ಎನ್ನುವುದು ಏನೆಂದು ಆವತ್ತು ತಿಳಿಯಿತು. ಅತ್ತೆ ಸೆರಗಿನಿಂದ ಮಗನ ತಲೆ ಒರೆಸಿದರು. ಸಾಕವ್ವಾ ಎಂದರೂ ಬಿಡಲಿಲ್ಲ. ಅವರ ಕಾಲ ಬಳಿ ನೀರು ಆಗಲೇ ಬಿಸಿಯೇರುತ್ತಿತ್ತು.

ಮುಂದಿನ ದೀಪಾವಳಿಗೆ ಅತ್ತೆ ಎಂದಿನಂತೆ ನಮಗೆಲ್ಲ ಎಣ್ಣೆ ಹಚ್ಚಿದರು. ಅವರ ಮೊಣಕಾಲಿಗೆ ಹಚ್ಚಲು ನಾನು ಬಟ್ಟಲು ಹಿಡಿದು ಕುಳಿತರೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ನನಗ ಬ್ಯಾಡವಾ. ಕಾಶಿಗೆ ಹೋದವರು ಇಷ್ಟದ್ದೊಂದು ಬಿಟ್ಟು ಬರತಾರಲ್ಲ, ಹಂಗ ನಾನು ಅವತ್ತ ಮೆಟ್ಟಿಲ ಮ್ಯಾಲ ಬೇಡಿಕೊಂಡು ಆ ಕುಂಡದಾಗ ಎಣ್ಣಿ ಬಿಟ್ಟು ಬಂದೀನಿ."

"ಮೊಣಕಾಲು ನೋಯತಾವಲ್ಲ ಅತ್ತಿ?"

"ನೋಯಲಿ ಬಿಡು," ಎಂದು ಅವರು ಬಚ್ಚಲಿನ ಕಡೆ ಕಿವಿಗೊಟ್ಟರು. ಒಳಗೆ ಇವರು ಬಿಸಿನೀರು ಸುರಿದುಕೊಂಡು ಗಟ್ಟಿಯಾಗಿ ಹಾಡುತ್ತಿದ್ದರು.