ಬಿಲ್ಲಿಲ್ಲದ ಬಿಳಿ ಬಾಟಲಿ

ಕೊರೊನಾ ಮುಗಿದ ಮರುವರ್ಷ ನಾನು ಜಗಳೂರಿನಲ್ಲಿ ದಾಳಿಂಬೆ ಬೆಳೆಗಾರರ ಕಂಪನಿಯೊಂದಕ್ಕೆ ಆಹಾರ ಸುರಕ್ಷತೆಯ ಫೀಲ್ಡ್ ಆಫೀಸರ್ ಆಗಿದ್ದೆ. ಕಂಪನಿ ಎಂದರೆ ದೊಡ್ಡದೇನಲ್ಲ. ರೈತರೇ ಷೇರು ಹಾಕಿ ಕಟ್ಟಿಕೊಂಡದ್ದು, ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆ. ನಾನು ಬಿಳಿಚೋಡು ಕಡೆಯ ಕುರಿ ಕಾಯುವ ಮನೆಯವಳು. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲ ವ್ಯಕ್ತಿ. ತೋಟಗಾರಿಕೆ ಬಿ.ಎಸ್ಸಿ. ಹೇಗೆ ಮುಗಿಸಿದೆ ಎನ್ನುವುದು ಬೇರೆ ಕಥೆ. ಇಲ್ಲಿ ಬರೆಯುತ್ತಿರುವುದು ಒಬ್ಬ ಅಂಗಡಿಯವನ ಮೇಲೆ ನಾನು ತೀರಿಸಿಕೊಂಡ ಸೇಡಿನ ಬಗ್ಗೆ. ಸೇಡು ಎನ್ನುವ ಮಾತಿಗೆ ನನಗೆ ನಾಚಿಕೆಯಿಲ್ಲ.

ನನ್ನ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಹೊರದೇಶಕ್ಕೆ ಹೋಗುವ ಹಣ್ಣಿನಲ್ಲಿ ಯಾವ ಕೀಟನಾಶಕ ಎಷ್ಟು ಉಳಿದಿರಬಹುದು ಎಂಬುದಕ್ಕೆ ಒಂದು ಮಿತಿ ಇದೆ. ಅದನ್ನು ಎಂಆರ್‌ಎಲ್ ಎನ್ನುತ್ತೇವೆ. ಯುರೋಪಿನವರು ಒಪ್ಪದ ಔಷಧಿಯಾದರೆ ಆ ಮಿತಿ ಸಾಮಾನ್ಯವಾಗಿ ಕಿಲೋ ಹಣ್ಣಿಗೆ ಒಂದು ಮಿಲಿಗ್ರಾಮಿನ ನೂರನೇ ಒಂದು ಪಾಲು. ಕಿಲೋಗೆ ಒಂದು ಮಿಲಿಗ್ರಾಮ್ ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಪಿಪಿಎಂ. ಕೊಯ್ಲಿಗೆ ಮುಂಚೆ ಲ್ಯಾಬಿನವರು ನನ್ನ ಎದುರಿಗೆ ಪ್ರತಿ ತೋಟದ ಹಣ್ಣು ಕಿತ್ತು, ನಾನು ಕಟ್ಟಿದ ಚೀಲಕ್ಕೆ ಸೀಲು ಹಾಕಿ ಒಯ್ಯುತ್ತಾರೆ. ಪಾಸಾದರೆ ಹಡಗು, ಫೇಲಾದರೆ ಊರ ಸಂತೆ. ಸಂತೆಗೆ ಬರುವವರ ಹೊಟ್ಟೆ ಕಲ್ಲಿನದು ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಇದೆ.

ಆ ವರ್ಷ ಗೌಸ್ ಸಾಬರ ತೋಟ ಫೇಲಾಯಿತು. ಸಾಬರು ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದವರು. ಅದನ್ನು ಬಿಟ್ಟು, ಎರಡು ಎಕರೆಗೆ ದಾಳಿಂಬೆ ಹಾಕಿ, ನಾನು ಹೇಳಿದ್ದನ್ನು ವೇದವಾಕ್ಯ ಎಂದುಕೊಂಡು ಬೆಳೆಸಿದ್ದರು. ನಾನು ಯಾವತ್ತೂ ಶಿಫಾರಸು ಮಾಡದ ಒಂದು ಕೀಟನಾಶಕ ಅವರ ಹಣ್ಣಿನಲ್ಲಿ ಸಿಕ್ಕಿತ್ತು. ಪ್ರಕರಣ ಇನ್ನೂ ನ್ಯಾಯಾಲಯದಲ್ಲಿರುವುದರಿಂದ ಅದರ ಹೆಸರು ಬರೆಯುವುದಿಲ್ಲ. ಕಂಪನಿಯ ರಫ್ತು ಬೆಳೆಗಾರರ ಗುಂಪಿನಲ್ಲಿ ಇನ್ನೊಂದು ತೋಟ ಹೀಗೆ ಫೇಲಾದರೆ ಇಡೀ ಗುಂಪನ್ನೇ ಕೈಬಿಡುತ್ತೇವೆ ಎಂದು ನಮ್ಮ ಹಣ್ಣು ಕೊಳ್ಳುವ ರಫ್ತುದಾರರು ತಿಳಿಸಿದರು. ಗುಂಪಿನ ಸಭೆ ಕಾದ ಹಂಚಿನಂತಾಯಿತು.

"ಕದ್ದು ಹೊಡೆದೀರಿ ಸಾಬ್ರೆ, ಒಪ್ಕಳ್ರಿ," ಎಂದರು ಗುಂಪಿನ ಅಧ್ಯಕ್ಷರು. "ನಿಮ್ಮೊಬ್ರ ಹುಳ ಸಾಯಾಕೆ ನಮ್ಮೆಲ್ಲರ ಹಣ್ಣು ಕೊಳೀಬೇಕಾ?"

"ಅಲ್ಲಾನಾಣೆಗೂ ಮೇಡಂ ಹೇಳಿದ್ದು ಬಿಟ್ಟು ಒಂದು ತೊಟ್ಟು ಹೊಡೆದಿಲ್ರೀ."

"ಹಂಗಾರೆ ಮೇಡಂ ಹೇಳಿದ್ದೇ ತಪ್ಪು ಅನ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅವತ್ತೇ ಸಾಬರ ತೋಟವನ್ನು ರಫ್ತು ಪಟ್ಟಿಯಿಂದ ತೆಗೆದರು. ತಪ್ಪು ಬೆಳೆಗಾರನದಲ್ಲ ಎಂದು ಸರ್ಕಾರದ ಆದೇಶ ತಂದರೆ ಮಾತ್ರ ವಾಪಸ್ ಸೇರಿಸಿಕೊಳ್ಳುವುದು ಎಂದು ತೀರ್ಮಾನವಾಯಿತು.

ಸಾಬರು ಔಷಧಿ ಕೊಳ್ಳುತ್ತಿದ್ದದ್ದು ಮಲ್ಲೇಶಪ್ಪನ ಅಂಗಡಿಯಲ್ಲಿ. ಜಗಳೂರಿನ ಸುತ್ತ ಅರ್ಧ ಹಳ್ಳಿಗೆ ಅವನೇ ಡಾಕ್ಟರು. ಏನು ಕೊಟ್ಟಿದ್ದೀರಿ ಎಂದು ಕೇಳಲು ಹೋದಾಗ ಅಂಗಡಿ ತುಂಬ ಜನ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಅವನು ನಕ್ಕ.

"ಏನವ್ವಾ, ಕುರಿ ಎಣಿಸೋದು ಬಿಟ್ಟು ಪಿಪಿಎಂ ಎಣಿಸಾಕೆ ಹೊಂಟೀಯಾ? ನಾನು ಅಂಗಡಿ ತೆಗೆದಾಗ ನೀನು ಮರಿ ಹಿಂದೆ ಓಡ್ತಿದ್ದೆ. ಸರ್ಟಿಫಿಕೇಟ್ ಇದ್ದೋರಿಗೆಲ್ಲ ಗಿಡ ತಿಳಿಯಂಗಿದ್ರೆ ನಾವ್ಯಾಕೆ ಇರ್ಬೇಕಿತ್ತು?"

ಅಂಗಡಿಯೆಲ್ಲ ನಕ್ಕಿತು. ನನ್ನಿಂದಲೇ ಗಿಡದ ರೆಂಬೆ ಸವರುವ ಚಾಟನಿ ಕಲಿತ ಒಬ್ಬ ರೈತನೂ ನಕ್ಕ. ನಮ್ಮಪ್ಪ ಕುರಿ ಮಾರಿ ಕಟ್ಟಿದ ಹಾಸ್ಟೆಲ್ ಫೀಸು ಆ ನಗುವಿನಲ್ಲಿ ಮಣ್ಣುಪಾಲಾದಂತೆ ಅನ್ನಿಸಿತು. ಈ ಬಾಗಿಲು ಮುಚ್ಚುವುದನ್ನು ನೋಡಿಯೇ ನೋಡುತ್ತೇನೆ ಎಂದು ಮೆಟ್ಟಿಲಿಳಿಯುವಾಗಲೇ ನಿಶ್ಚಯಿಸಿದೆ.

ಸುಳಿವು ಸಿಕ್ಕಿದ್ದು ಸಾಬರ ಮನೆಯಲ್ಲಿ. ಅವರ ಹೆಂಡತಿ ಜಮೀಲಾಬಿ ಅಂಗಳದ ಗುಲಾಬಿ ಕುಂಡಕ್ಕೆ ಒಂದು ಬಿಳಿ ಬಾಟಲಿಯಿಂದ ಏನನ್ನೋ ನೀರಿಗೆ ಬೆರೆಸಿ ಹಾಕುತ್ತಿದ್ದರು.

"ಎಲೆ ಹೆಂಗೆ ಥಳಥಳ ಅಂತಾವೆ ನೋಡ್ರಿ ಮೇಡಂ. ಇರುವೆ ಕೂಡ ಹತ್ರ ಸುಳಿಯಾಂಗಿಲ್ಲ."

ಗಿಡಕ್ಕೆ ಶಕ್ತಿ ಕೊಡುವ ಟಾನಿಕ್ ಇರುವೆಯನ್ನು ಯಾಕೆ ಓಡಿಸಬೇಕು? ಬಾಟಲಿ ಕೈಗೆ ತೆಗೆದುಕೊಂಡೆ. 'ಸಮುದ್ರ ಪಾಚಿಯ ಸಾರ' ಎಂದು ಬರೆದಿತ್ತು. ಸಾಬರನ್ನು ಕರೆದೆ.

"ಇದನ್ನ ತೋಟಕ್ಕೂ ಹೊಡೆದ್ರಾ? ನನಗ್ಯಾಕೆ ಹೇಳಲಿಲ್ಲ?"

"ನೀವು ಏನೇನು ಔಷಧಿ ಹೊಡೆದ್ರಿ ಅಂತ ಕೇಳಿದ್ರಿ. ಇದು ಔಷಧಿ ಅಲ್ಲಲ್ರೀ, ಟಾನಿಕ್ಕು. ದುಡ್ಡು ಕೊಟ್ಟು ತಂದಿದ್ದೂ ಅಲ್ಲ. ಮಲ್ಲೇಶಣ್ಣ ದೊಡ್ಡ ಸಾಮಾನಿನ ಜತೆಗೆ ಪುಕ್ಸಟ್ಟೆ ಕೊಟ್ಟಿದ್ದು."

ನಮ್ಮ ಕಡೆಯ ರೂಢಿಯೇ ಹಾಗೆ. ಔಷಧಿ ಕೊಂಡರೆ ಸ್ಕೀಮಿನಲ್ಲಿ ಛತ್ರಿಯೋ ಬಕೆಟ್ಟೋ ಟಾನಿಕ್ಕೋ ಕೈಗೆ ಬರುತ್ತದೆ. ಅದಕ್ಕೆ ಬಿಲ್ ಇರುವುದಿಲ್ಲ. ಪುಕ್ಕಟೆ ಬಂದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಟಲಿಯಲ್ಲಿ ಉಳಿದದ್ದರಲ್ಲಿ ಸ್ವಲ್ಪವನ್ನು ಲ್ಯಾಬಿಗೆ ಕಳಿಸಿದೆ. ಹಣ್ಣಿನಲ್ಲಿ ಸಿಕ್ಕಿದ ಕೀಟನಾಶಕವೇ ಅದರಲ್ಲೂ ಇತ್ತು. ಹುಳ ಸತ್ತರೆ, ಎಲೆ ಹಸಿರಾದರೆ ರೈತ ಮತ್ತೆ ಅದೇ ಅಂಗಡಿಗೆ ಬರುತ್ತಾನೆ. ಒಳಗಿನ ಗುಟ್ಟು ಅದು.

ವರದಿ ಹಿಡಿದು ಕೃಷಿ ಇಲಾಖೆಯ ಅಧಿಕಾರಿಯ ಬಳಿ ಓಡಿದೆ. ಕೀಟನಾಶಕಗಳ ಮಾದರಿ ತೆಗೆಯುವ ಅಧಿಕಾರ ಇರುವುದು ಅವರಿಗೆ. ಅವರು ಆಗದು ಎಂದು ತಲೆಯಾಡಿಸಿದರು.

"ಬಾಯಿ ಬಿಚ್ಚಿದ ಬಾಟಲಿ ತಂದ್ರೆ ನೀವೇ ಬೆರೆಸಿದ್ರಿ ಅಂತಾರಮ್ಮ. ಸೀಲ್ ಇರೋದು, ಅವನ ಸರಕಿನಿಂದ, ನನ್ನ ಕಣ್ಣೆದುರಿಗೆ ಸಿಗಬೇಕು. ಹೋದ ವಾರವೇ ಅಂಗಡಿ ತಪಾಸಣೆ ಮಾಡಿದೀನಿ, ಇಂಥದು ಒಂದೂ ಇರ್ಲಿಲ್ಲ. ಎಲ್ಲಿಟ್ಟಾನೋ."

ಅವನ ದುರಾಸೆಯೇ ನಮಗೆ ದಾರಿ ತೋರಿಸಿತು. ಆ ಟಾನಿಕ್ಕನ್ನು ಇನ್ನು ದುಡ್ಡಿಗೇ ಮಾರುವ ಧೈರ್ಯ ಅವನಿಗೆ ಬಂದಿತ್ತು. ಹೊನ್ನಾಳಿ, ಚನ್ನಗಿರಿ ಕಡೆಯ ಬೆಳೆಗಾರರಿಗೆಂದು ನ್ಯಾಮತಿಯ ಕಲ್ಯಾಣ ಮಂಟಪದಲ್ಲಿ ಸಭೆ, ಆಮೇಲೆ ಹೋಳಿಗೆ ಊಟ ಎಂದು ರೈತರ ವಾಟ್ಸಾಪಿನಲ್ಲಿ ಅವನ ಕರೆ ಬಂತು. ನಮ್ಮ ಅಧಿಕಾರಿ ನ್ಯಾಮತಿಯ ಅಧಿಕಾರಿಗೆ ಫೋನ್ ಮಾಡಿದರು. ಆ ದಿನ ಇಬ್ಬರೂ ರೈತರ ನಡುವೆ ಹಿಂದಿನ ಸಾಲಿನಲ್ಲಿ ಕುಳಿತರು. ನಾನೂ ಗೌಸ್ ಸಾಬರೂ ಬೆಳಿಗ್ಗೆಯೇ ಬಸ್ಸು ಹಿಡಿದು ಹೋಗಿ ಮುಂದೆ ಕುಳಿತೆವು.

ವೇದಿಕೆಯ ಮೇಲೆ ಬಿಳಿ ಬಾಟಲಿಗಳ ಗೋಪುರ. ಮಲ್ಲೇಶಪ್ಪ ಮೈಕ್ ಹಿಡಿದು ವರ್ಣಿಸುತ್ತಿದ್ದ. ನಾನು ಎದ್ದು ನಿಂತೆ.

"ಅಣ್ಣಾರೆ, ಈ ಸರಕು ನಿಮ್ಮದೇನಾ? ಇಲ್ಲಾ ಕಂಪನಿಯೋರು ತಂದಿಟ್ಟಿದ್ದಾ? ನಾಳೆ ಏನಾರ ಆದ್ರೆ ಯಾರನ್ನ ಕೇಳಾಣ?"

"ಓಹೋ, ಕುರಿಹಟ್ಟಿ ಸೈಂಟಿಸ್ಟು ಇಲ್ಲಿಗೂ ಬಂದಳಪ್ಪ!" ಜನ ನಕ್ಕರು. "ನಂದೇ ಕಣವ್ವಾ. ನನ್ನ ಗೋಡೌನಿಂದ ನನ್ನ ಗಾಡ್ಯಾಗೆ ಬಂದೈತೆ. ಒಂದು ತೊಟ್ಟು ವಿಷ ಇದ್ರೂ ನಾನೇ ಹೊಣೆ. ಮೈಕಿನಾಗೇ ಹೇಳಿದೀನಿ, ಸಾಕಾ?"

"ಸಾಕ್ರಿ," ಎಂದು ಕುಳಿತೆ.

ಹಿಂದಿನ ಸಾಲಿನಿಂದ ಅಧಿಕಾರಿಗಳು ಎದ್ದು ಬಂದು ಗುರುತಿನ ಚೀಟಿ ತೋರಿಸಿದರು. ಮಾದರಿಯನ್ನು ಮೂರು ಪಾಲು ಮಾಡಿ, ಮೂರಕ್ಕೂ ಸೀಲು ಹಾಕಿ, ಒಂದನ್ನು ಅವನ ಕೈಗೇ ಕೊಟ್ಟರು. ಕಾನೂನು ಹೇಳುವುದು ಹಾಗೆ. ಆ ಪುಟ್ಟ ಪೊಟ್ಟಣ ಹಿಡಿದುಕೊಂಡು, ಅಷ್ಟು ಜನರೆದುರು, ಅವನು ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತಿದ್ದ. ನಾನು ಹೊಟ್ಟೆ ತುಂಬ ಹೋಳಿಗೆ ಉಂಡು ಬಂದೆ.

ಸರ್ಕಾರಿ ಲ್ಯಾಬೂ ಬಾಟಲಿಯಲ್ಲಿ ಅದೇ ಕೀಟನಾಶಕ ಇದೆ ಎಂದಿತು. ಇಲಾಖೆ ನೋಟಿಸ್ ಕೊಟ್ಟಿತು. ಅವನು ವಕೀಲರಿಂದ ಜಾಣ ಉತ್ತರ ಬರೆಸಿದ: ತಯಾರಕರು ಮೋಸ ಮಾಡಿದ್ದಾರೆ, ನನಗೇನೂ ತಿಳಿಯದು, ಈ ಹಂಗಾಮಿನಲ್ಲಿ ನನ್ನ ಸ್ವಂತ ದಾಳಿಂಬೆ ತೋಟಕ್ಕೂ ಅದನ್ನೇ ಹೊಡೆದಿದ್ದೇನೆ, ನಾನೂ ಮೋಸಹೋದ ರೈತ. ಅಧಿಕಾರಿ ಅದನ್ನು ನನಗೆ ಓದಿ ಹೇಳಿ ನಿಟ್ಟುಸಿರು ಬಿಟ್ಟರು. ಅವನಿಗೆ ಗೊತ್ತಿತ್ತು ಎಂದು ತೋರಿಸಲಾಗದಿದ್ದರೆ ಕೆಲವು ತಿಂಗಳ ಅಮಾನತು, ಆಮೇಲೆ ಅದೇ ಅಂಗಡಿ, ಅದೇ ಗಲ್ಲಾ. ತಪ್ಪು ಯಾರದೆಂದು ಆದೇಶದಲ್ಲಿ ಬಾರದಿದ್ದರೆ ಗೌಸ್ ಸಾಬರು ಕದ್ದು ಹೊಡೆದವರಾಗಿಯೇ ಉಳಿಯುತ್ತಿದ್ದರು.

ಅಷ್ಟರಲ್ಲಿ ಮಲ್ಲೇಶಪ್ಪನ ಸ್ವಂತ ತೋಟ ಕೊಯ್ಲಿಗೆ ಬಂತು. ತಡವಾಗಿ ಚಾಟನಿ ಮಾಡಿದ ತೋಟ, ಹಣ್ಣು ಭರ್ಜರಿ. ಅವನೂ ಅದೇ ರಫ್ತುದಾರರಿಗೆ ಕೊಡುವವನು. ಪರೀಕ್ಷೆಗೆ ಹಣ್ಣು ತೆಗೆಯಿರಿ ಎಂದು ನಮ್ಮ ಆಫೀಸಿಗೆ ಅರ್ಜಿ ಹಾಕಿದ. ನೋಟಿಸಿನ ಉತ್ತರ ಹೋದದ್ದು ಕೃಷಿ ಇಲಾಖೆಗೆ, ಅರ್ಜಿ ಬಂದದ್ದು ನಮಗೆ. ಎರಡು ಕಚೇರಿಗಳು ಒಂದನ್ನೊಂದು ಮಾತಾಡಿಸುವುದಿಲ್ಲ ಎಂದು ಅವನು ನಂಬಿದ್ದ. ಅನುಭವಸ್ಥನ ನಂಬಿಕೆ ಅದು. ಸಾಮಾನ್ಯವಾಗಿ ನಿಜವೂ ಹೌದು.

ಆ ತೋಟಕ್ಕೆ ನನ್ನನ್ನು ಬೈಕಿನಲ್ಲಿ ಬಿಟ್ಟವರು ಗೌಸ್ ಸಾಬರು. ಬೇಲಿಯ ಹತ್ತಿರ ನಿಂತು ಜೇಬಿನಿಂದ ಒಂದು ಸಣ್ಣ ಶೀಶೆ ತೆಗೆದರು. ಅದರೊಳಗೆ ಟಾನಿಕ್ಕು.

"ಒಂದೇ ತೊಟ್ಟು ಮೇಡಂ, ಅವನ ಹಣ್ಣಿನ ಚೀಲಕ್ಕೆ. ಅವನದೂ ಸಂತೆ ಪಾಲಾಗ್ಲಿ. ನನ್ನ ಮಗಳ ಮುಂದೆ ನನ್ನನ್ನ ಕಳ್ಳ ಅಂದಾರೆ."

ಆ ಶೀಶೆ ನೋಡಿ ನನ್ನ ಬಾಯಲ್ಲೂ ನೀರೂರಿತು, ಸುಳ್ಳು ಹೇಳುವುದಿಲ್ಲ. ಆದರೆ ಅವನ ಉತ್ತರ ನನ್ನ ತಲೆಯಲ್ಲಿತ್ತು.

"ಬ್ಯಾಡ ಸಾಬ್ರೆ. ಈ ಹಣ್ಣು ಫೇಲಾದ್ರೆ ಅವನು ಬರೆದುಕೊಟ್ಟ ಸುಳ್ಳು ನಿಜ ಆಗ್ತೈತೆ. ತಾನೂ ಹೊಡೆದೀನಿ ಅಂದಾನಲ್ಲ? ಪಾಸಾದ್ರೆ ಹೊಡೆದೇ ಇಲ್ಲ ಅಂತಾತು. ಗೊತ್ತಿದ್ದೇ ಊರಿಗೆ ಕೊಟ್ಟು ತನ್ನ ತೋಟ ಉಳಿಸಿಕೊಂಡ ಅಂತಾತು. ಇದು ಪಾಸಾಗಲಿ ಅಂತ ದುವಾ ಮಾಡ್ರಿ."

ಸಾಬರು ಶೀಶೆ ಜೇಬಿಗೆ ಹಾಕಿದರು. "ದುಶ್ಮನ್ ಹಣ್ಣಿಗೆ ದುವಾ ಮಾಡ್ಸಿದ ಆಫೀಸರ್ ಅಂದ್ರೆ ನೀವೊಬ್ರೇ ಕಣ್ರೀ," ಎಂದು ಗೇಟಿನ ಹೊರಗೇ ಉಳಿದರು.

ವರದಿ ಬಂತು. ಒಂದು ಚೂರೂ ಇಲ್ಲ. ಅದನ್ನು ನಾನೇ ಅಂಗಡಿಗೆ ಒಯ್ದು ಕೊಟ್ಟೆ. ಅವತ್ತೂ ಜನ ಇದ್ದರು.

"ನೋಡಿದ್ಯೇನವ್ವಾ ನಮ್ಮ ತೋಟ?" ಎಂದ ಹೆಮ್ಮೆಯಿಂದ.

"ನೋಡಿದೆ ಅಣ್ಣಾರೆ. ಭಾಳ ಚೊಕ್ಕ ಐತೆ. ಆ ಟಾನಿಕ್ಕು ಒಂದು ಸಲನೂ ಸೋಕಿಲ್ಲ. ಇದರ ಇನ್ನೊಂದು ಪ್ರತಿ ಕೃಷಿ ಇಲಾಖೆಗೆ ಕೊಟ್ಟೇ ಬಂದೀನಿ, ನಿಮ್ಮ ಉತ್ತರದ ಜತೆಗೆ ಇಟ್ಕಳ್ಳಾಕೆ."

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕುರ್ಚಿಯ ಮೇಲೆ ಕುಳಿತ. ಈ ಸಲ ಯಾರೂ ನಗಲಿಲ್ಲ. ನಾನು ಮಾತ್ರ ನಕ್ಕೆ.

ಅಂಗಡಿಯ ಪರವಾನಗಿ ರದ್ದಾಯಿತು, ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಗೊತ್ತಿದ್ದೇ ಕಲಬೆರಕೆ ಸರಕು ಕೊಟ್ಟ ಎಂದು ಆದೇಶದಲ್ಲಿ ಬಂತು. ಗೌಸ್ ಸಾಬರ ತೋಟ ಪಟ್ಟಿಗೆ ಮರಳಿತು. ಅಧ್ಯಕ್ಷರು ಸಭೆಯಲ್ಲಿ ಎದ್ದು, ಜಮೀಲಾಬಿಯನ್ನೂ ಮಗಳನ್ನೂ ಕರೆಸಿ ಕೂರಿಸಿ, ತಪ್ಪಾಯಿತು ಎಂದರು. ಹಾಗೆ ಕರೆಸಬೇಕೆಂದು ಹಟ ಹಿಡಿದವಳು ನಾನು.

ಈಗ ಚನ್ನಗಿರಿಯಲ್ಲಿ ಮಾವು ಬೆಳೆಗಾರರ ಜೊತೆ ಕೆಲಸ ಮಾಡುತ್ತೇನೆ. ಹಣ್ಣು ಪರೀಕ್ಷಿಸುವವರಿಗೆ ಶತ್ರು ಮಿತ್ರರಿರಬಾರದು ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ನನಗೆ ಅದು ಬರಲಿಲ್ಲ. ಶತ್ರು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆ ದಿನ ಅವನ ಹಣ್ಣಿನ ಚೀಲವನ್ನು ಬೇರೆಲ್ಲರ ಚೀಲಕ್ಕಿಂತ ಜೋಪಾನವಾಗಿ ಕಟ್ಟಿದೆ.