ಕರಡಿಗೆಯ ಮೇಲೆ ಬಂದ ಆಪಾದನೆ

ಇಂಗ್ರೇಜಿ ಸರಕಾರದ ಕಾಲ. ನನ್ನ ನೆಗೆಣ್ಣಿಯ, ಅಂದರೆ ಭಾವನ ಹೆಂಡತಿಯ, ಎಡಮೊಲೆಯಲ್ಲಿ ಕಡಲೆಕಾಳಿನಷ್ಟು ಗಂಟು ಕಂಡಿತು. ಹುಕ್ಕೇರಿಯ ನಮ್ಮ ಮನೆಯಲ್ಲಿ ವೈದ್ಯರಿಗೇನೂ ಕೊರತೆ ಇರಲಿಲ್ಲ. ಅತ್ತೆಯೊಬ್ಬಳೇ ನಾಲ್ಕು ಮಂದಿಗೆ ಸಮ. ಸೀರೆಯ ಮೇಲಿಂದಲೇ ಮುಟ್ಟಿ ಕಾರಣ ಹೇಳಿಬಿಟ್ಟಳು: ಕೊರಳಲ್ಲಿನ ಲಿಂಗದ ಬೆಳ್ಳಿ ಕರಡಿಗೆ ಭಾರವಾಗಿ ಎದೆಗೆ ಒತ್ತುತ್ತದೆ, ಅದಕ್ಕೇ ಗಂಟು. ಕರಡಿಗೆ ಅತ್ತೆಯ ಪೆಟ್ಟಿಗೆಗೆ ಹೋಯಿತು, ಲಿಂಗ ಅರಿವೆಯ ಗಂಟಿಗೆ ಬಂತು. ಇನ್ನು ವಾಸಿಯಾಗುವುದೊಂದೇ ಬಾಕಿ.

ಗಂಟು ಲಿಂಬೆಹಣ್ಣಿನಷ್ಟಾಯಿತು. ಭಾವ ವಾರಕ್ಕೊಮ್ಮೆ ಗೋಕಾಕಕ್ಕೆ ಬೆಲ್ಲದ ಚಕ್ಕಡಿ ಹೊಡೆಯುತ್ತಿದ್ದ, ದವಾಖಾನೆಯ ಮುಂದೆಯೇ ಹಾದು. ಚಕ್ಕಡಿಯಲ್ಲಿ ಬೆಲ್ಲಕ್ಕೆ ಜಾಗವಿತ್ತು, ಹೆಂಡತಿಗೆ ಇರಲಿಲ್ಲ. ಒಂದು ದಿನ ಅವಳೇ ಬಾಯಿ ಬಿಟ್ಟಳು.

"ಅತ್ತಿ, ಕರಡಿಗಿ ತಗದು ಆರ ತಿಂಗಳಾತ್ರಿ. ಗಂಟಿಗಿ ಇನ್ನೂ ಸುದ್ದಿ ಮುಟ್ಟಿಲ್ಲ ಕಾಣತೈತಿ. ನನ್ನ ದವಾಖಾನಿಗಿ ಕಳಸ್ರಿ."

"ಗಂಡಸ ಡಾಕ್ಟರನ ಮುಂದ ಎದಿ ತಗೀತಿ ಏನ?"

"ತಗೀತೇನ್ರಿ. ಸಾಯೂದಕ್ಕಿಂತ ಅದು ಸಲೀಸ."

ಕಳಿಸಲಿಲ್ಲ. ಗಂಟು ಒಡೆದು ಹುಣ್ಣಾದಾಗ, ಅಂಟುತ್ತದೆಂದು ಅವಳ ತಾಟು ಬೇರೆ ಮಾಡಿದರು. ಕರಡಿಗೆಯಿಂದ ಬಂದ ರೋಗ ತಾಟಿನಿಂದ ಹೇಗೆ ಹಬ್ಬುತ್ತದೆ ಎಂದು ಕೇಳುವಷ್ಟು ಸಾಲಿ ನಾನು ಕಲಿತಿರಲಿಲ್ಲ. ಅವಳು ಬಿಟ್ಟ ರೊಟ್ಟಿಯನ್ನು ಅದೇ ತಾಟಿನಲ್ಲಿ ತಿಂದೆ. ಪ್ರೀತಿಯಿಂದಲ್ಲ, ಹಸಿವಾಗಿತ್ತು.

ನಾತ ನಡುಮನೆಗೆ ಬಂದ ಮೇಲೆ ಚಕ್ಕಡಿ ಕಟ್ಟಿದರು. ಇದು ಅಂಟುವ ರೋಗವಲ್ಲ, ಬಹಳ ತಡಮಾಡಿದಿರಿ ಎಂದ ಗೋಕಾಕದ ಡಾಕ್ಟರ. ಮೊದಲ ಮಾತನ್ನು ಅತ್ತೆ ನಂಬಲಿಲ್ಲ, ಎರಡನೆಯದು ಅವಳಿಗೆ ಕೇಳಿಸಲಿಲ್ಲ.

ಎರಡು ತಿಂಗಳಲ್ಲಿ ನೆಗೆಣ್ಣಿ ಹೋದಳು. ಲಿಂಗ ಅವಳ ಜೊತೆ ಮಣ್ಣಿಗೆ ಹೋಯಿತು. ಅಷ್ಟೆಲ್ಲ ಅನಾಹುತ ಮಾಡಿದ ಕರಡಿಗೆಯನ್ನು ಅತ್ತೆ ಹುಣಸೆಹಣ್ಣು ಹಚ್ಚಿ ತಿಕ್ಕಿ ನನ್ನ ಕೊರಳಿಗೆ ಹಾಕಿದಳು. ಬೆಳ್ಳಿಯನ್ನು ಯಾರಾದರೂ ಚೆಲ್ಲುತ್ತಾರೆಯೇ?

ಈಗ ಡಾಕ್ಟರಿಕೆ ಓದುವ ಮೊಮ್ಮಗಳು ಹೇಳುತ್ತಾಳೆ, ಕೆಲವು ಮೊಲೆಯ ಗಂಟುಗಳಲ್ಲಿ ವೈರಸ್ಸಿನ ಕೈವಾಡ ಇರಬಹುದೇ ಎಂದು ಹುಡುಕುತ್ತಿದ್ದಾರಂತೆ, ಖಚಿತವಾಗಿಲ್ಲವಂತೆ. ಹಾಗಾದರೆ ತಾಟು ಬೇರೆ ಮಾಡಿದ್ದು ಸರಿಯೇ ಎಂದು ಕೇಳಿದೆ. ತಾಟಿನಿಂದ ಹಬ್ಬುವುದಿಲ್ಲ ಎಂದಳು. ಮೈಕಾಯುವ ಬಿಳಿ ಕಣಗಳು ಒಮ್ಮೆ ಗಂಟಿನ ಮೇಲೆ ಏರಿಹೋಗುತ್ತವೆ, ಒಮ್ಮೆ ಅದನ್ನೇ ಸಾಕಿ ಬೆಳೆಸುತ್ತವೆ ಎಂದೂ ಹೇಳಿದಳು. ನನಗೇನೂ ಸೋಜಿಗವಾಗಲಿಲ್ಲ. ಅಂಥ ಕಾವಲುಗಾರರ ಮನೆಯಲ್ಲೇ ಬಾಳ್ವೆ ಮಾಡಿದವಳು ನಾನು.

"ಆಯಿ, ನಿನ್ನ ಎದಿ ಯಾರಾರ ನೋಡ್ಯಾರೇನ?" ಎಂದಳು.

ಬಾಗಿಲು ಹಾಕು ಎಂದೆ. ಕರಡಿಗೆಯನ್ನು ಬದಿಗೆ ಸರಿಸಿ ತೋರಿಸಿದೆ.